ಬೇಲಿಗುಂಟ ಪುಂಡಿಪಲ್ಯ

ಮೊನ್ನೆ ಬೇವಿನ ಹಿಂಡಿಯ ಚೀಲ ಬಿಚ್ಚಿದೆ. ಹೈದರಾಬಾದಿನ ಮಿಯಾಪುರದ ಈ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕುಂಡ ಇಟ್ಟು ಟೊಮ್ಯಾಟೊ ಬೆಳೆಯುವ ಹುಚ್ಚು ನನಗೆ ಹೊಸದಾಗಿ ಹತ್ತಿದೆ. ಆ ಕಹಿ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಹಾಗೇ ನಿಂತಿತು. ಕುಷಾಯಿಗೂಡದ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ಕಾಕು ನೆನಪಾದರು. ಅವರ ಸೆರಗಿಗೂ ಇದೇ ವಾಸನೆ ಇರುತ್ತಿತ್ತು...

ತೆಲಂಗಾಣ ಬೇರೆಯಾಗುವುದಕ್ಕೆ ಬಹಳ ಮೊದಲಿನ ಮಾತು. ಮದುವೆಯಾಗಿ ಗದಗಿನಿಂದ ಬಂದಾಗ ನನಗೆ ತೆಲುಗಿನ ಗಂಧಗಾಳಿ ಇರಲಿಲ್ಲ. ಗಂಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪಾಳಿಗೆ ಹೋದರೆ ಗೋಡೆ ನೋಡುತ್ತ ಕೂರುವುದೇ ನನ್ನ ಉದ್ಯೋಗ. ಓಣಿಯ ಹೆಂಗಸರು ಹಾಲಿನ ಬೂತಿಗೆ ಹೋಗುವಾಗ ನಮ್ಮ ಮನೆಯ ಮುಂದಿನಿಂದಲೇ ಮಾತಾಡಿಕೊಂಡು ನಗುತ್ತ ಹೋಗುತ್ತಿದ್ದರು. ನನ್ನನ್ನೇ ಆಡಿಕೊಳ್ಳುತ್ತಾರೆಂದು ತಿಳಿದು ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬಾಯಿತುಂಬ ಕನ್ನಡ ಆಡಲು ನನಗಿದ್ದವರು ಕಾಕು ಒಬ್ಬರೇ. ವಿಜಾಪುರದ ಕಡೆಯವರು, ಮಕ್ಕಳಿರಲಿಲ್ಲ. ಅವರ ಗಂಡ ಕಾಕಾ ಕೂಡ ಅದೇ ಕಾರ್ಖಾನೆಯಲ್ಲಿದ್ದರು.

ಒಂದು ಬೇಸಿಗೆಯ ಕೊನೆಗೆ ಕಾಕು ಸುದ್ದಿ ಹೇಳಿದರು. ಶ್ರಾವಣದಲ್ಲಿ ಕಾಕಾ ರಿಟೈರ್ ಆಗುತ್ತಾರೆ, ಕ್ವಾರ್ಟರ್ಸ್ ಬಿಟ್ಟು ಊರಿಗೆ ಹೋಗಬೇಕು.

"ನಾ ಹ್ವಾದಮ್ಯಾಲ ನೀ ಯಾರ ಜೋಡಿ ಮಾತಾಡ್ತೀಯವಾ?" ಎಂದು ಅವರೇ ಕೇಳಿದರು. ಅವರ ಎದುರೇ ಅತ್ತುಬಿಟ್ಟೆ.

ಮರುದಿನ ಗುದ್ದಲಿ ಹಿಡಿದು ನಮ್ಮ ಅಂಗಳಕ್ಕೆ ಬಂದರು. "ಏಳು, ಕಾಯಿಪಲ್ಲೆ ಹಚ್ಚೂಣು."

ಎಲ್ಲಿ ಏನು ಎಂಬುದನ್ನು ನೆಲದ ಮೇಲೆ ರಂಗೋಲಿ ಪುಡಿಯಿಂದಲೇ ಗೀರು ಎಳೆದು ತೋರಿಸಿದರು. ಹಿತ್ತಲಿಗೆ ಮೆಂತೆ, ಬದನೆ, ಚವಳಿಕಾಯಿ. ಅಲ್ಲಿಯವರೆಗೆ ಸರಿ. ಆದರೆ ಮುಂದಿನ ಬೇಲಿಗುಂಟ ಈ ತುದಿಯಿಂದ ಆ ತುದಿಗೆ ಬರೀ ಪುಂಡಿಪಲ್ಯ, ಆ ಹುಳಿ ಸೊಪ್ಪು, ಅಂದರು.

"ಕಾಕು, ನಾವಿಬ್ರು ಇಷ್ಟು ಪುಂಡಿಪಲ್ಲೆ ತಿಂದು ಮುಗಸಾಕ ಆಗ್ತೈತೇನ್ರಿ? ಮುಂದ ಗುಲಾಬಿ ಹಚ್ಚೂಣ್ರಿ," ಅಂದೆ.

"ಗುಲಾಬಿ ನಿನ್ನ ಗಂಡ ತರ್ತಾನ. ನೀ ಅಗಿ."

ಅಗಿದೆ. ಗೇಣು ಆಳಕ್ಕೆ ಇಳಿಯುವಷ್ಟರಲ್ಲಿ ಗುದ್ದಲಿ ಖಣ್ ಎಂದು ಬಂಡೆಗೆ ಬಡಿಯಿತು. ಹೈದರಾಬಾದಿನ ನೆಲವೇ ಹಾಗೆ. ಇಟ್ಟಿಗೆ ಜೋಡಿಸಿ, ಬೇರೆ ಕಡೆಯ ಮಣ್ಣು ಹೊತ್ತು ತಂದು, ಬೇವಿನ ಹಿಂಡಿ ಬೆರೆಸಿ ಮಡಿ ಏರಿಸಿದೆವು. ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಹೊರಟುಹೋಗುವ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತೋ ಎಂದು ಒಳಗೊಳಗೇ ಗೊಣಗಿಕೊಂಡೆ. ಸಾಲದ್ದಕ್ಕೆ ಒಂದು ಕಟ್ಟಪ್ಪಣೆ ಬೇರೆ. ಬೇಲಿಗೆ ನೀರು ಹಾಕುವುದು ಮುಂಜಾನೆ ಹಾಲು ಬರುವ ಹೊತ್ತಿಗೇ ಆಗಬೇಕು, ಅದೂ ತಲೆಬಾಗಿಲು ತೆರೆದಿಟ್ಟು. ಅವರ ಮಡಿಮೈಲಿಗೆಯ ಪದ್ಧತಿ ಏನೋ ಇರಬೇಕೆಂದು ನಾನು ಕೇಳಲು ಹೋಗಲಿಲ್ಲ.

ಪುಂಡಿ ಮೊಣಕಾಲೆತ್ತರ ಬಂದಿತ್ತು, ಕಾಕು ಲಾರಿಯಲ್ಲಿ ಸಾಮಾನು ಹೇರಿಸಿ ಹೊರಟರು. ಒಂದು ಎಲೆಯನ್ನೂ ಅವರು ಉಣ್ಣಲಿಲ್ಲ.

ಆಮೇಲೆ ನನಗೆ ಬಾಗಿಲು ತೆಗೆಯಲೂ ಮನಸ್ಸಿರಲಿಲ್ಲ. ಗಿಡ ಒಣಗಿದರೆ ಅವರಿಗೆ ಏನನಿಸೀತೆಂದು ಕೊಡ ಹಿಡಿದು ಹೊರಬಂದೆ. ಹಾಲಿನ ಪಾತ್ರೆ ಹಿಡಿದ ಹೆಂಗಸೊಬ್ಬಳು ಬೇಲಿಯ ಹತ್ತಿರ ನಿಂತಳು. "ಅಮ್ಮಾ, ಗೋಂಗೂರ ಕೊಂಚೆಂ ಇಸ್ತಾರಾ?" ಎಂದು ಪುಂಡಿಗೆ ಕೈ ತೋರಿಸಿ ಕೇಳಿದಳು. ಬೋಗುಣಿ ತುಂಬ ಕೊಯ್ದು ಕೊಟ್ಟೆ. ಸಂಜೆ ಅದೇ ಬೋಗುಣಿ ಗೋಂಗೂರ ಪಚ್ಚಡಿ ಎಂಬ ಪುಂಡಿ ಚಟ್ನಿ ತುಂಬಿಕೊಂಡು ಮರಳಿತು. ಕೊಟ್ಟ ಪಾತ್ರೆ ಬರಿದೆ ತಿರುಗಿಸಬಾರದೆಂಬುದು ಅವರಲ್ಲೂ ಇತ್ತು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು... ಗುಲಾಬಿಯಾಗಿದ್ದರೆ ನೋಡಿ ಮುಂದೆ ಹೋಗುತ್ತಿದ್ದರು. ಗೋಂಗೂರ ಅಂದರೆ ಜೀವ ಬಿಡುವ ಜನ, ನಿಲ್ಲಲೇಬೇಕು. ಬೇಲಿಗುಂಟ ಪುಂಡಿ ಯಾಕೆ, ಹಾಲಿನ ಹೊತ್ತು ಯಾಕೆ, ಎಲ್ಲ ಆಗ ತಿಳಿಯಿತು. ತಾವು ಹೋದ ಮೇಲೆ ನನಗೆ ಮಾತಿನ ಜೊತೆ ಬೇಕೆಂದು ಕಾಕು ಅಷ್ಟೂ ಮಾಡಿದ್ದರು.

ಒಂದೆರಡು ವರ್ಷ ಕಳೆದ ಮೇಲೆ, ವಿಜಾಪುರಕ್ಕೆ ಹೋಗಿಬಂದ ಗಂಡನ ಸಹೋದ್ಯೋಗಿಯೊಬ್ಬರು ಕಾಕು ತೀರಿಕೊಂಡ ಸುದ್ದಿ ತಂದರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಹಾಲಿನ ಪಾತ್ರೆಯ ಹೆಂಗಸು ಬಂದು, "ಏಮೈಂದಿ ಅಮ್ಮಾ?" ಎಂದು ಕೇಳಿದಳು. ಉಪ್ಪು, ಸೊಪ್ಪು, ಎಣ್ಣೆಯ ರೇಟು ಮಾತಾಡುವಷ್ಟು ತೆಲುಗು ನನಗೆ ಬಂದಿತ್ತು. "ಮಾ ಕಾಕು..." ಅಂದೆ. ಮುಂದಿನದಕ್ಕೆ ನನ್ನ ತೆಲುಗು ಸಾಲಲಿಲ್ಲ. ಅವಳು ಪಕ್ಕದಲ್ಲಿ ಕೂತು ಕೈ ಹಿಡಿದಳು.

ಈಗ ಮನೆಯಲ್ಲಿ ನಾನೊಬ್ಬಳೇ. ಲಿಫ್ಟಿನಲ್ಲಿ ನನ್ನ ಮಾತು ಕೇಳಿದವರು, ನೀವು ಆಂಧ್ರದ ಯಾವ ಜಿಲ್ಲೆಯವರು ಎನ್ನುತ್ತಾರೆ. ಕಾಕುವಿನ ಬಗ್ಗೆ ತೆಲುಗಿನಲ್ಲಿ ಈಗ ಎಷ್ಟು ಬೇಕಾದರೂ ಹೇಳಬಲ್ಲೆ. ಆದರೆ ಅವರನ್ನು ಕಂಡಿದ್ದವರು, ನನ್ನ ಗಂಡನೂ ಸೇರಿ, ಒಬ್ಬರೂ ಉಳಿದಿಲ್ಲ.