ಹಂಚಿನ ಮೇಲೆ ಎಸೆಯಬೇಕಾದ ಹಲ್ಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ತಡಸದ ನಮ್ಮ ಓಣಿಗೆಲ್ಲ ಗೊತ್ತು. ಆದರೆ ಏಳು ವರ್ಷದ ಮೊಮ್ಮಗಳು ಶಿಗ್ಗಾವಿಯ ಹಲ್ಲಿನ ದವಾಖಾನೆಯ ಬಾಗಿಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಅರಚಿದ ದಿನ ನನಗೆ ಸಿಟ್ಟು ಬರಲಿಲ್ಲ, ಕರುಳು ಚುರುಕ್ ಎಂದಿತು. ಮುಂದಿನ ಹಾಲುಹಲ್ಲೊಂದು ಹುಳುಕಾಗಿ, ವಸಡು ಬಾತು ಕೀವು ತುಂಬಿತ್ತು. ರೊಟ್ಟಿ ತಿನ್ನುವುದನ್ನು ಬಿಟ್ಟೇಬಿಟ್ಟಿದ್ದಳು. ಹಾಲು-ಅನ್ನ ಕಲಸಿ ಕೊಟ್ಟರೂ ನುಂಗುವಾಗ ಕಣ್ಣಲ್ಲಿ ನೀರು. ಡಾಕ್ಟರು ಹರೆಯದ ಹೆಣ್ಣುಮಗಳು. ಪಾಪ, ತಾವೇ ಹೊರಗೆ ಬಂದು ಬಾಗಿಲಲ್ಲೇ ಬ್ಯಾಟರಿ ಬಿಟ್ಟು ನೋಡಿದರು.

"ತಗೀಲೇಬೇಕ್ರಿ. ಭಾಳ ತಡಾ ಮಾಡಬ್ಯಾಡ್ರಿ," ಎಂದು ಬಾವು ಇಳಿಯಲು ಔಷಧ ಬರೆದುಕೊಟ್ಟರು. ಬಂದ ದಾರಿಗೆ ಸುಂಕವಿಲ್ಲದಂತೆ ಮನೆಗೆ ಮರಳಿದೆವು.

ಸೂಜಿಯ ಅಂಜಿಕೆ ಎಂದೇ ನಾವೆಲ್ಲ ತಿಳಿದಿದ್ದೆವು. "ಇರಿವಿ ಕಡದಂಗ ಅಷ್ಟ, ನನ್ನವ್ವ," ಎಂದು ಸೊಸೆ ರಮಿಸಿದಳು. ಮಗ ಗೊಟಗೋಡಿಯ ಶಿಲ್ಪದ ತೋಟ ತೋರಿಸುತ್ತೇನೆಂದ. ನಾನು ಹೊಸ ಲಂಗದ ಆಸೆ ಹಚ್ಚಿದೆ. ಲಂಚಕ್ಕೆಲ್ಲ ತಲೆಯಾಡಿಸುವಳು, ದವಾಖಾನೆ ಎಂದರೆ ಮಾತ್ರ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವಳು.

ಮರುದಿನ ಅಂಗಳದಲ್ಲಿ ಅವಳ ತಲೆ ಬಾಚುತ್ತಿದ್ದೆ. ತಟ್ಟನೆ ತಿರುಗಿ, ನನ್ನ ಬಾಯೊಳಗಿನ ಸಂದಿಗೆ ಬೆರಳು ತೋರಿಸಿದಳು.

"ಆಯಿ, ನಿಂದ್ಯಾಕ ಇನ್ನೂ ಬಂದಿಲ್ಲ?"

ಹಿಂದಿನ ಬೇಸಿಗೆಯಲ್ಲಿ ಅದೇ ಡಾಕ್ಟರು ನನ್ನ ಕೋರೆಹಲ್ಲು ಕಿತ್ತಿದ್ದರು. ಹೊಸದು ಕಟ್ಟಿಸಿಕೊಳ್ಳಲು ಬೇಸರಪಟ್ಟು ಹಾಗೇ ಬಿಟ್ಟಿದ್ದೆ. ಅಂದು ಇವಳೂ ನನ್ನ ಜೊತೆಗಿದ್ದಳು.

"ವಯಸ್ಸಾದವರಿಗೆ ಬರೂದಿಲ್ಲವ್ವ," ಎಂದೆ.

"ಸುಳ್ಳ. ಡಾಕ್ಟರ್ ನಿನ್ನ ಹಲ್ಲು ಕಸದ ಬಕೀಟಿಗೆ ಒಗದ್ರು. ನಾ ನೋಡೇನಿ. ಹಂಚಿನ ಮ್ಯಾಲೆ ಒಗೀಲಿಲ್ಲ, ಅದಕ್ಕ ಬಂದಿಲ್ಲ. ನಂದೂ ಬರೂದಿಲ್ಲ."

ಬಿದ್ದ ಹಾಲುಹಲ್ಲನ್ನು ಸೆಗಣಿ ಉಂಡೆಯಲ್ಲಿ ಒತ್ತಿ ಹಂಚಿನ ಮೇಲೆ ಎಸೆದರೇನೇ ಹೊಸ ಹಲ್ಲು ಬರುವುದು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಕೆಳಗಿನ ಎರಡನ್ನು ಹಾಗೇ ಎಸೆದಿದ್ದೆವು, ಎರಡೂ ಚೆಂದಾಗಿ ಬಂದಿದ್ದವು. ಹುಡುಗಿಯ ಲೆಕ್ಕದಲ್ಲಿ ತಪ್ಪೆಲ್ಲಿದೆ? ಅವಳು ಅಂಜಿದ್ದು ಸೂಜಿಗಲ್ಲ, ಜೀವಮಾನವೆಲ್ಲ ನನ್ನ ಹಾಗೆ ಹಲ್ಲಿಲ್ಲದೆ ಉಳಿಯುವುದಕ್ಕೆ! ನನಗೆ ನಗು ತಡೆಯಲಾಗಲಿಲ್ಲ, ಮೊಮ್ಮಗಳ ಬುದ್ಧಿಗೆ ಹೆಮ್ಮೆಯೂ ಆಯಿತು.

"ಹಂಗಾದ್ರ ಹಲ್ಲು ನಮಗ ಕೊಡ್ರಿ ಅಂತ ಕೇಳೂಣು."

"ಕೊಡ್ತಾರ?"

"ಕೊಡದ ಏನ್ ಮಾಡ್ತಾರ? ನಿನ್ನ ಬಾಯಾಗಿನ ಹಲ್ಲು."

ಬಾವು ಇಳಿದ ಮೇಲೆ ಮತ್ತೆ ಶಿಗ್ಗಾವಿಗೆ ಹೋದೆವು. ನಾನು ಮಾತು ತೆಗೆಯುವ ಮೊದಲೇ ಅವಳು ಬಾಗಿಲಲ್ಲಿ ನಿಂತು ಕೇಳಿದಳು: "ಹಲ್ಲು ನನಗ ವಾಪಸ್ ಕೊಡ್ತೀರೇನ್ರಿ? ಹಂಚಿನ ಮ್ಯಾಲೆ ಒಗೀಬೇಕ್ರಿ."

ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. "ಕೊಡ್ತೇನಿ. ಸಣ್ಣಾಕಿದ್ದಾಗ ನಾನೂ ಹಂಗ ಒಗದೇನಿ," ಎಂದರು. ಕುರ್ಚಿಯಲ್ಲಿ ಕೂಡಿಸಿ ಸೂಜಿ ಯಾವುದು, ಇಕ್ಕಳ ಯಾವುದು, ಕಿತ್ತ ಹಲ್ಲನ್ನು ಯಾವ ಬಟ್ಟಲಲ್ಲಿ ಇಡುತ್ತಾರೆ ಎಂದು ಒಂದೊಂದಾಗಿ ತೋರಿಸಿದರು. ಅವಳ ಕಣ್ಣೆಲ್ಲ ಆ ಬಟ್ಟಲಿನ ಮೇಲೆಯೇ. ಸೂಜಿ ಚುಚ್ಚಿದಾಗ ನನ್ನ ಬೆರಳು ಹಿಂಡಿದಳು, ಅತ್ತಳು ಕೂಡ. ಆದರೆ ಬಾಯಿ ಮುಚ್ಚಲಿಲ್ಲ. ಹತ್ತಿಯಲ್ಲಿ ಸುತ್ತಿ ಕೊಟ್ಟ ಹಲ್ಲನ್ನು ತಡಸ ಮುಟ್ಟುವ ತನಕ ಮುಷ್ಟಿಯಿಂದ ಬಿಡಲಿಲ್ಲ.

ಬಸ್ಸಿಳಿದವಳೇ ಪಕ್ಕದ ಮನೆಯ ಹಿತ್ತಲಿಗೆ ಓಡಿ ಸೆಗಣಿ ತಂದಳು. ಮೊದಲು ಎಸೆದ ಉಂಡೆ ಜಾರಿ, ಸೊಸೆ ಒಣಹಾಕಿದ್ದ ಸೀರೆಯ ಮೇಲೆ ಬಿತ್ತು. ಸೊಸೆ ಗೊಣಗಿದಳು, ನಾನು ಗದರಿಸಿದೆ, ಯಾರನ್ನು ಎಂದು ನನಗೇ ಗೊತ್ತಿಲ್ಲ. ಮತ್ತೆ ಎಸೆದಾಗ ಉಂಡೆ ಹಂಚಿನ ಮೇಲೆ ಗಟ್ಟಿಯಾಗಿ ಕೂತಿತು. ಎಲ್ಲರಿಗೂ ಸಮಾಧಾನವಾಯಿತು.

ಅವಳ ಕೈಗೆ ನೀರು ಹಾಕುತ್ತಿದ್ದೆ. ನನ್ನ ಮುಖವನ್ನೇ ನೋಡುತ್ತ ನಿಂತಳು.

"ಆಯಿ, ನಾಳೆ ಮತ್ತ ಡಾಕ್ಟರ್ ಕಡೆ ಹೋಗೂಣು. ಇನ್ನೊಂದು ಹಲ್ಲು ತಗಸೂಣು."

"ಯಾಕವ್ವ, ಅದೂ ನೋಯಾಕತ್ತೇತೇನು?"

"ಇಲ್ಲ. ಅದನ್ನ ನಿನ್ನ ಹೆಸರಲೆ ಒಗೀತೇನಿ."