ಹುಳದ ಮನೆಗೆ ಹೊರಗಿನವರು

"ನೀವು ತಲೆಗೆ ಏನು ಹಚ್ಚುತ್ತೀರಿ?"

ನಮ್ಮ ವೃದ್ಧಾಶ್ರಮದ ಮೇಲ್ವಿಚಾರಕಿ ಸತೋ ಸಾನ್ ಸೊಂಟ ಬಾಗಿಸಿ, ಮೊದಲು ಕ್ಷಮೆ ಕೇಳಿ, ಆಮೇಲೆ ನಗುತ್ತಲೇ ಇದನ್ನು ಕೇಳಿದರು. ಸಾನ್ ಎಂದರೆ ನಾವು ಹೆಸರಿನ ಕೊನೆಗೆ 'ಅವರು' ಸೇರಿಸಿದ ಹಾಗೆ. ಕೊಬ್ಬರಿ ಎಣ್ಣೆ ಅಂದೆ. ಅವರ ಹಿಂದೆ ತಟ್ಟೆಯಲ್ಲಿ ರೇಷ್ಮೆ ಹುಳುಗಳು ಹಸಿರು ನೀರು ಕಕ್ಕಿ ಒದ್ದಾಡುತ್ತಿದ್ದವು. ಇಷ್ಟು ಮರ್ಯಾದೆಯಿಂದ ನನ್ನ ಮೇಲೆ ಯಾರೂ ಗೂಬೆ ಕೂರಿಸಿರಲಿಲ್ಲ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನವಳು. ಜಪಾನಿ ಭಾಷೆಯ ಪರೀಕ್ಷೆ ಪಾಸು ಮಾಡಿ, ಮುದುಕರ ಆರೈಕೆಯ ಕೆಲಸಕ್ಕೆ ಗುನ್ಮಾ ಎಂಬ ಸೀಮೆಯ ಈ ಬೆಟ್ಟದೂರಿಗೆ ಬಂದು ಎರಡು ವರ್ಷವಾಯಿತು. ಒಂದು ಕಾಲಕ್ಕೆ ಇಲ್ಲೂ ಮನೆಮನೆಯಲ್ಲಿ ಹುಳು ಸಾಕುತ್ತಿದ್ದರಂತೆ. ಈಗ ನಮ್ಮ ಅಜ್ಜಿಯರು ಹಳೆಯ ನೆನಪಿಗೆ ಒಂದು ತಟ್ಟೆಯಷ್ಟು ಸಾಕುತ್ತಾರೆ. ಹುಳುವಿಗೆ 'ಓಕೋಸಾಮಾ' ಎನ್ನುತ್ತಾರೆ, ಮನೆಗೆ ಬಂದ ದೊಡ್ಡವರನ್ನು ಕರೆದ ಹಾಗೆ. ನಮ್ಮಲ್ಲಿ ಹುಳಕ್ಕೆ ಇಷ್ಟು ಗೌರವ ಇಲ್ಲ, ಆದರೆ ಹೊರಗಿನ ವಾಸನೆ ತಾಗಿದರೆ ಸಾಯುತ್ತದೆಂಬ ಹೆದರಿಕೆ ಅಷ್ಟೇ ಇದೆ.

ನಾನು ಮೊದಲಿನಿಂದಲೂ ಅನುಮಾನದ ಪ್ರಾಣಿ. ಪಕ್ಕದ ಮನೆಯಾಕೆ ಮೂಲಂಗಿ ಉಪ್ಪಿನಕಾಯಿ ಕೊಟ್ಟಾಗ ಮೂರು ಸಲ ಮೂಸಿ, ಒಂದು ವಾರ ಹಾಗೇ ಇಟ್ಟಿದ್ದೆ. ಮೇಲೂರಿನಲ್ಲಾದರೆ ಕೋಪ ಬಂದವರು ಬೀದಿಗೆ ಬಂದು ಕೂಗುತ್ತಾರೆ, ಲೆಕ್ಕ ಅಲ್ಲೇ ಚುಕ್ತಾ. ಇಲ್ಲಿ ಎಲ್ಲರೂ ನಗುತ್ತಾರೆ. ಯಾವ ನಗುವಿನ ಹಿಂದೆ ಏನಿದೆಯೋ ತಿಳಿಯದೆ ನನಗೆ ಅನ್ನ ರುಚಿಸುತ್ತಿರಲಿಲ್ಲ. ಆ ಅನ್ನವೂ ಅಂಟಂಟು. ಮುದ್ದೆಯ ಹಾಗೆ ನುಂಗೋಣವೆಂದರೆ ಅದಕ್ಕೂ ಆಗದು.

ಮೊನ್ನೆಮೊನ್ನೆಯವರೆಗೆ ಈ ಊರಲ್ಲಿ ಒಂದೇ ಬಗೆಯ ಮುಖಗಳು, ಒಂದೇ ಬಗೆಯ ಅಡುಗೆ. ಈಗ ನೇಪಾಳದವರು, ವಿಯೆಟ್ನಾಮಿನವರು, ನಾನು. ತೊಂಬತ್ತೆರಡು ವರ್ಷದ ಕಿಮುರಾ ಅಜ್ಜಿ ನಾನು ಹತ್ತಿರ ಹೋದರೆ ಕೈಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಜಾಗ ಇಲ್ಲದ ಹಾಗೆ ಮಾಡುತ್ತಿದ್ದರು.

ಅಂದು ಸತೋ ಸಾನ್, "ಸ್ವಲ್ಪ ದಿನ ನೀವು ಬಟ್ಟೆ ಒಗೆಯುವ ಕಡೆ ಇರುತ್ತೀರಾ?" ಎಂದರು. ಮುಂದಿನ ತಿಂಗಳು ನನ್ನ ಕೆಲಸದ ಕರಾರು ಮುಂದುವರಿಯಬೇಕು. ಅಜ್ಜಿಯರ ಹತ್ತಿರ ಬರಬೇಡ ಎನಿಸಿಕೊಂಡವಳ ಕರಾರನ್ನು ಯಾರು ಮುಂದುವರಿಸುತ್ತಾರೆ? ಗಂಟುಮೂಟೆ ಕಟ್ಟುವುದೊಂದೇ ಬಾಕಿ.

ಆಗ ಮೂಗಿಗೆ ಬಡಿಯಿತು, ಗುರುತಿನ ವಾಸನೆ. ಕಿಟಕಿಯ ಬಳಿ ಸೊಳ್ಳೆ ಬತ್ತಿ ಉರಿಯುತ್ತಿತ್ತು. ಅದರ ಹೊಗೆಗೆ ರೇಷ್ಮೆ ಹುಳು ಉಳಿಯುವುದಿಲ್ಲ. ನನಗೆ ಅದು ಚೆನ್ನಾಗಿ ಗೊತ್ತು, ಯಾಕೆಂದರೆ ಒಂದು ಮನೆ ಹುಳು ನಾನೇ ಹಾಗೆ ಸಾಯಿಸಿದ್ದೇನೆ.

ಇಲ್ಲಿಗೆ ಬರುವ ಮುಂಚಿನ ವರ್ಷ. ಅಸ್ಸಾಮಿನಿಂದ ಬಂದಿದ್ದ ರೂಮಿ ನಮ್ಮ ತೋಟದಲ್ಲಿ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು. ಅಪ್ಪ ಅವಳ ಆಧಾರ್ ಜೆರಾಕ್ಸನ್ನು ಎರಡು ಸಲ ಇಸಿದುಕೊಂಡಿದ್ದರು, ಒಂದು ಸಾಲದೆಂದು ಹೇಳಿಕೊಟ್ಟವಳು ನಾನು. ಒಂದು ಸಂಜೆ ಸೊಳ್ಳೆ ಕಾಟ ತಡೆಯದೆ, ಹುಳದ ಮನೆಗೆ ಅಂಟಿದ ಕೋಣೆಯಲ್ಲಿ ಬತ್ತಿ ಹಚ್ಚಿ ಜಪಾನಿ ಅಕ್ಷರ ತಿದ್ದುತ್ತಾ ಕೂತೆ. ನಡುವಿನ ಕಿಟಕಿ ಮುಚ್ಚಿದೆ ಅಂದುಕೊಂಡಿದ್ದೆ. ಬೆಳಿಗ್ಗೆ, ಹಣ್ಣಾಗಿ ಗೂಡು ಕಟ್ಟಲಿದ್ದ ಹುಳುಗಳೆಲ್ಲ ಹಸಿರು ಕಕ್ಕಿ ಬಿದ್ದಿದ್ದವು. ಅಪ್ಪ ರೂಮಿಯ ಕೈ ಹಿಡಿದು ಮೂಸಿದರು.

"ಸಾಸಿವೆ ಎಣ್ಣೆ ಕಣಮ್ಮ! ಈ ವಾಸ್ನೆಗೇ ಸತ್ತಿದಾವೆ. ಹೊರಗಿನೋರ್ನ ಹುಳದ್ ಮನೆ ಹತ್ರ ಬಿಟ್ರೆ ಇನ್ನೇನಾಗುತ್ತೆ?"

"ನಾನ್ ಒಳ್ಗೆ ಹೋಗಿಲ್ಲ ಅಣ್ಣ," ಅಂದಳು ರೂಮಿ, ಕಲಿತಿದ್ದ ಅಷ್ಟು ಕನ್ನಡದಲ್ಲಿ. ನಾನು ಬಾಯಿ ಬಿಡಲಿಲ್ಲ. ಅವತ್ತೇ ಅವಳನ್ನು ಕಳಿಸಿದರು.

ಇಲ್ಲಿ ಮಾತ್ರ ಬಾಯಿ ಬಿಟ್ಟೆ. ಬತ್ತಿ ತೋರಿಸಿ, "ಈ ಹೊಗೆಯೇ" ಅಂದೆ. ತಟ್ಟೆಯ ಪಕ್ಕ ಕೂತಿದ್ದ ಕಿಮುರಾ ಅಜ್ಜಿ ಗಾಳಿ ಮೂಸಿ, "ಹೌದಲ್ಲ! ಈ ಹುಡುಗಿ ಹೇಳುವುದು ಸರಿ," ಎಂದರು. ಬತ್ತಿ ಹಚ್ಚಿದ್ದವರು ಸತೋ ಸಾನ್ ಅವರೇ. ಎಲ್ಲರೆದುರು ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ, "ತಪ್ಪು ನನ್ನದು" ಎಂದರು. ಐದು ನಿಮಿಷವೂ ಹಿಡಿಯಲಿಲ್ಲ. ಅಜ್ಜಿ ಪಕ್ಕದ ಕುರ್ಚಿಯಿಂದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕೂತೆ. ಗೆದ್ದವಳಿಗೆ ಸಂತೋಷವಾಗಬೇಕಿತ್ತು, ನಾಚಿಕೆಯಾಯಿತು.

ಭಾನುವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಅಂದು ನಾನು ಹಚ್ಚಿದ ಬತ್ತಿಯ ವಿಷಯವನ್ನೂ.

"ಈಗ್ಯಾಕಮ್ಮ ಅದೆಲ್ಲ? ಹೊರಗಿನೋರು, ಎಲ್ಲೋ ಬದುಕ್ಕೊಂಡಿರ್ತಾರೆ ಬಿಡು."

"ನಾನೂ ಇಲ್ಲಿ ಹೊರಗಿನೋಳೇ ಅಪ್ಪ."

"ನೀನ್ ನನ್ ಮಗ್ಳು ಕಣಮ್ಮ. ಅದೂ ಇದೂ ಒಂದೇನಾ?"

ಕರಾರು ಮುಂದುವರಿಯಿತು. ಆದರೂ ಸತೋ ಸಾನ್ ನಕ್ಕರೆ ನಾನು ಇವತ್ತಿಗೂ ತಲೆಯ ಎಣ್ಣೆ ಒರೆಸಿಕೊಳ್ಳುತ್ತೇನೆ. ಊರಿಗೆ ಬಂದುಬಿಡೋಣ ಎನಿಸುತ್ತದೆ. ಬಂದರೆ ಹುಳದ ಮನೆಯ ಮುಂದೆ ನಿಲ್ಲಬೇಕಲ್ಲ, ಅದೂ ಆಗುವುದಿಲ್ಲ.

ಹಾಗಾಗಿ ಊರಿನವರಿಗೆ ಇದನ್ನು ಬರೆಯುತ್ತಿದ್ದೇನೆ. ರೂಮಿ ಎಲ್ಲಾದರೂ ಕಂಡರೆ ಅವಳಿಗೆ ಓದಿ ಹೇಳಿ. ಆ ಹುಳು ಸಾಯಿಸಿದವಳು ನಾನು. ಅವಳು ಅಂದು ಹೊಸಿಲನ್ನೂ ದಾಟಿರಲಿಲ್ಲ, ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸಿ ಹೋಗಿದ್ದಳು.