ಪಾಸ್ ಇಲ್ಲದ ರಾಣಿ

ಗೆಳೆಯರೇ, ‘ಪಾಸ್’ ಎಂಬ ಒಂದೇ ಒಂದು ಇಂಗ್ಲಿಷ್ ಮಾತು ಇವತ್ತು ಹೊಸ ವೇಷ ಹಾಕಿಕೊಂಡು ಬಂತು! ನಿನ್ನೆಯವರೆಗೂ ಪಾಸ್ ಎಂದರೆ ಪುಕ್ಕಟೆ ನಾಟಕ ನೋಡುವ ಚೀಟಿ, ಇಲ್ಲವೇ ಮಗ ಪರೀಕ್ಷೆ ದಾಟಿದ ಸಿಹಿಸುದ್ದಿ. ಇವತ್ತು ಹೊಸಪೇಟೆ ಸ್ಟೇಷನ್ನಿನಲ್ಲಿ ಅದು, ಪ್ಲೇಗ್ ಇಲ್ಲವೆಂದು ಡಾಕ್ಟರು ಬರೆದುಕೊಡುವ ಕಾಗದ. ಸಿಗದವನು ಊರಾಚೆಯ ತಗಡಿನ ಶೆಡ್ಡಿಗೆ. ಹೋದ ವಾರ ನಮ್ಮ ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ಅಲ್ಲಿಗೆ ಹೋದರು. ಹಾರ್ಮೋನಿಯಂ ಮಾತ್ರ ಮರಳಿ ಬಂತು.

ಡಾಕ್ಟರು ನಮ್ಮ ರಾಣಿ ಪಾತ್ರದ ಬಸಣ್ಣನ ಕಂಕುಳಿಗೆ ಕೈ ಹಾಕಿದವರೇ, “ಪ್ಲೇಗಿನ ಗಂಟು!” ಎಂದರು. ಪ್ಲಾಟ್‌ಫಾರಮ್ಮಿನ ಜನ ಹತ್ತು ಹೆಜ್ಜೆ ಹಿಂದಕ್ಕೆ! ಸುಳ್ಳೇಕೆ, ನಾನೂ ಎರಡು ಹೆಜ್ಜೆ ಸರಿದೆ.

“ಅಣ್ಣಾ, ನನ್ನ ಬಿಟ್ಟು ಹೋಗಬ್ಯಾಡೋ!” ಎಂದು ಬಸಣ್ಣ ಅತ್ತ. ರಂಗದ ಮೇಲೆ ಅವನ ಅಳು ನೂರು ಸಲ ಕೇಳಿದ್ದೇನೆ, ಇದು ಅದಲ್ಲ.

ನಾನು ಕೂಗಿದೆ: “ಸಾಹೇಬ್ರ, ಇವ ಹೆಣ್ಣು ಪಾರ್ಟು ಮಾಡ್ತಾನ್ರಿ! ಕೈ ಎತ್ತಿ ಹಾಡೋ ರಾಣಿ ಕಂಕುಳಾಗ ಕೂದ್ಲು ಕಂಡ್ರ ಜನ ನಗ್ತಾರಂತ ಬೋಳಿಸ್ಕೊಂತಾನ್ರಿ. ಮೊಂಡ ಕತ್ತಿ ತಾಗಿ ಬಾತೈತ್ರಿ!”

“ಹಂಗಾದ್ರ ಇನ್ನೊಂದು ಕೈ ಎತ್ತಲೇ” ಎಂದರು ಡಾಕ್ಟರು.

ಎತ್ತಿದ. ಅಲ್ಲೂ ನುಣುಪು, ಅಲ್ಲೂ ಕತ್ತಿಯ ಕೆಂಪು ಗೆರೆ. ಜ್ವರದ ಕಡ್ಡಿ ಬಾಯಿಗಿಟ್ಟರು. ಜ್ವರವಿಲ್ಲ!

ಪಾಸ್ ಬರೆದುಕೊಟ್ಟು ಡಾಕ್ಟರು, “ಇವತ್ತಿನ ಆಟಕ್ಕ ನನಗೂ ಮನಿಯಾಕಿಗೂ ಎರಡು ಪಾಸ್ ಕೊಡ್ರಿ” ಎಂದರು.

ಕೊಟ್ಟೆ. ಆದರೆ ಬಸಣ್ಣ ಈಗಲೇ ಹೇಳಿಬಿಟ್ಟಿದ್ದಾನೆ: ಡಾಕ್ಟರು ಮುಂದಿನ ಸಾಲಿನಲ್ಲಿ ಕೂತಿದ್ದರೆ, ರಾಣಿ ಎಷ್ಟೇ ಗೋಳಾಡಿದರೂ ಕೈ ಮಾತ್ರ ಎತ್ತುವುದಿಲ್ಲ!